ಥಾಯ್ಲೆಂಡಿನ ಹತ್ತು ವರ್ಷದ ಸರ್ಕಾರಿ ಅಕ್ಕಿ: ನಿಜಕ್ಕೂ ಕೆಟ್ಟಿದ್ದು ಎಲ್ಲಿ?

ತುಂಗಭದ್ರಾ_ಬಯಲು
2024ರ ಮೇನಲ್ಲಿ ಥಾಯ್ಲೆಂಡಿನ ವಾಣಿಜ್ಯ ಸಚಿವ ಫುಂಥಾಮ್ ವೆಚಯಚಾಯ್ ಸುರಿನ್ ಪ್ರಾಂತ್ಯದ ಗೋದಾಮಿಗೆ ಹೋಗಿ, ಸರ್ಕಾರ ಹತ್ತು ವರ್ಷದ ಹಿಂದೆ ಕೊಂಡಿದ್ದ ಅಕ್ಕಿಯನ್ನು ಬೇಯಿಸಲು ಹೇಳಿ ಕ್ಯಾಮೆರಾ ಮುಂದೆ ಉಂಡು ತೋರಿಸಿದರು. ಸುಮಾರು 15,000 ಟನ್ ಹೋಮ್ ಮಾಲಿ (ಥಾಯ್ಲೆಂಡಿನ ಪರಿಮಳದ ಅಕ್ಕಿ), ಎರಡು ಗೋದಾಮು. ಅದೇ ಸರ್ಕಾರಿ ಖರೀದಿ ಯೋಜನೆಯ ಲಕ್ಷಾಂತರ ಟನ್ ಅಕ್ಕಿ ಮಾತ್ರ ಅದಕ್ಕೂ ಎಷ್ಟೋ ಮೊದಲೇ "ಮನುಷ್ಯರಿಗೆ ಬಾರದ್ದು" ಅಂತ ಹರಾಜಾಗಿತ್ತು. ಎರಡೂ ಹೇಗೆ ನಿಜ ಆಗೋಕೆ ಸಾಧ್ಯ? ನಮ್ಮಲ್ಲಂತೂ ಹಳೆ ಅಕ್ಕಿ ಅಂದ್ರೆ ಎರಡು ರೂಪಾಯಿ ಜಾಸ್ತಿ ಕೊಡ್ತೀವಿ. ಗೋದಾಮು, ಮಿಲ್ಲು, ಲ್ಯಾಬು ಗೊತ್ತಿರೋರು ಬಿಡಿಸಿ ಹೇಳಿ. ರಾಜಕೀಯ ಬೇಡ.

ಲೆಕ್ಕದ_ಪುಸ್ತಕ
ರಾಜಕೀಯ ಬೇಡ ಅಂದ್ರೂ ದರ ಬಿಟ್ಟು ಈ ವಿಷಯ ಮಾತಾಡೋಕೆ ಆಗಲ್ಲ. ಅಕ್ಕಿ ಕೆಟ್ಟಿದ್ದು ಗೋದಾಮಿನಲ್ಲಿ, ಕೆಡೋದಕ್ಕೆ ಶುರುವಾಗಿದ್ದು ದರಪಟ್ಟಿಯಲ್ಲಿ.

2011ರ ಅಕ್ಟೋಬರ್‌ನಲ್ಲಿ ಯಿಂಗ್ಲಕ್ ಶಿನವಾತ್ರ ಸರ್ಕಾರ ಶುರು ಮಾಡಿದ್ದು ಹೆಸರಿಗೆ ಅಡಮಾನ ಯೋಜನೆ. ರೈತ ಭತ್ತ ಒತ್ತೆ ಇಟ್ಟು ದುಡ್ಡು ತಗೋಬೇಕು, ಮಾರುಕಟ್ಟೆ ಏರಿದರೆ ಬಿಡಿಸಿಕೊಂಡು ಹೊರಗೆ ಮಾರಬಹುದು. ಆದರೆ ದರ ಇಟ್ಟಿದ್ದು 15 ಶೇಕಡಾ ತೇವಾಂಶದ ಬಿಳಿ ಅಕ್ಕಿಯ ಭತ್ತಕ್ಕೆ ಟನ್ನಿಗೆ 15,000 ಬಾತ್ (ಥಾಯ್ ಹಣ), ಹೋಮ್ ಮಾಲಿಗೆ 20,000. ಪೇಟೆ ದರಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಅಷ್ಟು ಕೊಟ್ಟ ಮೇಲೆ ಯಾರು ಬಿಡಿಸಿಕೊಳ್ತಾರೆ? ಅದು ನೇರ ಖರೀದಿಯೇ ಆಯ್ತು. ಶುರುವಿನಲ್ಲಿ ಇಷ್ಟೇ ತಗೋತೀವಿ ಅನ್ನೋ ಮಿತಿಯೂ ಇರಲಿಲ್ಲ.

ಈಗ ಲೆಕ್ಕ ನೋಡಿ. ಒಂದು ಟನ್ ಭತ್ತ ಮಿಲ್ ಮಾಡಿದರೆ ನುಚ್ಚೂ ಸೇರಿ 650–660 ಕಿಲೋ ಅಕ್ಕಿ. 15,000 ÷ 0.66 ಅಂದ್ರೆ ಟನ್ ಅಕ್ಕಿಗೆ ಸುಮಾರು 22,700 ಬಾತ್. ಆಗಿನ ವಿನಿಮಯದಲ್ಲಿ 700 ಡಾಲರ್ ದಾಟುತ್ತೆ. ತೌಡು ಮಾರಿದ ದುಡ್ಡು ಕಳೆದು, ಬಾಡಿಗೆ, ಬಡ್ಡಿ, ಸಾಗಣೆ ಕೂಡಿಸಿದರೂ ಅದರ ಆಸುಪಾಸಲ್ಲೇ ನಿಲ್ಲುತ್ತೆ. 2012ರಲ್ಲಿ ವಿಯೆಟ್ನಾಂ, ಭಾರತದ ಸಾಧಾರಣ ಬಿಳಿ ಅಕ್ಕಿ ಸಿಗ್ತಿದ್ದಿದ್ದು 400–450 ಡಾಲರಿಗೆ. ದಾಸ್ತಾನು ತಡೆದರೆ ಜಗತ್ತಿನ ದರ ಏರುತ್ತೆ ಅನ್ನೋದು ಅವರ ಎಣಿಕೆ. ಆದರೆ 2011ರ ಸೆಪ್ಟೆಂಬರಿನಲ್ಲೇ ಭಾರತ ಬಾಸ್ಮತಿಯಲ್ಲದ ಅಕ್ಕಿಯ ರಫ್ತು ನಿಷೇಧ ತೆಗೆದಿತ್ತು. ಮರುವರ್ಷ ಥಾಯ್ಲೆಂಡಿನ ರಫ್ತು ಒಂದು ಕೋಟಿ ಟನ್‌ಗಿಂತ ಮೇಲಿದ್ದದ್ದು 70 ಲಕ್ಷ ಟನ್ನಿಗೆ ಇಳಿದು, ಮೊದಲ ಸ್ಥಾನ ಭಾರತದ ಪಾಲಾಯ್ತು.

ಮಾರಿದರೆ ನಷ್ಟ ಪುಸ್ತಕಕ್ಕೆ ಬರುತ್ತೆ, ಇಟ್ಟುಕೊಂಡರೆ "ದಾಸ್ತಾನು" ಅಂತ ಆಸ್ತಿ ಕಾಲಂನಲ್ಲಿ ಕೂರುತ್ತೆ. ಹಾಗಾಗಿ ಇಟ್ಟುಕೊಂಡರು. 2014ರ ಮೇನಲ್ಲಿ ಸೇನೆ ಅಧಿಕಾರ ಹಿಡಿದಾಗ ಗೋದಾಮುಗಳಲ್ಲಿ ಸುಮಾರು 1.8 ಕೋಟಿ ಟನ್ ಅಕ್ಕಿ ಇತ್ತು.

ಮಿಲ್_ಮಾಸ್ತರ
ಲೆಕ್ಕದವರು ಹೇಳಿದ್ದು ಸರಿ ಐತ್ರಿ, ಆದ್ರ ಮಿಲ್ಲಿನ ಕಡೆಯಿಂದನೂ ನೋಡ್ಬೇಕು. ಅಕ್ಕಿ ಗೋದಾಮಿಗೆ ಹೋಗೂಕಿಂತ ಮೊದಲ ಅರ್ಧ ಹಣೆಬರಹ ಬರದಿರ್ತೈತಿ.

ಕಂಬೈನ್ ಮಷೀನ್‌ನ್ಯಾಗ ಕೊಯ್ದ ಭತ್ತ 25 ಶೇಕಡಾ, ಮಳಿಗಾಲದಾಗ ಅದಕ್ಕೂ ಹೆಚ್ಚು ತೇವ ಹೊತ್ತ ಬರ್ತೈತಿ. ಇಂಥಾ ಭತ್ತ ರಾಶಿ ಹಾಕಿ 24 ತಾಸು ಬಿಟ್ರ ಒಳಗ ಕೈ ಇಡೂಕಾಗದಷ್ಟು ಕಾವು ಏರ್ತೈತಿ. ಒಂದೆರಡು ದಿನ ಹಂಗ ಬಿದ್ರ ಕಾಳಿನ ಒಳಗ ಹಳದಿ ಹಿಡೀತೈತಿ. ಸರ್ಕಾರ ಹೆಚ್ಚಿನ ದರ ಕೊಡ್ತೈತಿ ಅಂದ್ರ ಎಲ್ಲಾರೂ ಒಂದ ವಾರದಾಗ ತರ್ತಾರ, ಡ್ರೈಯರ್ ಮಾತ್ರ ಇದ್ದಷ್ಟ ಇರ್ತಾವ. ಗಡಿಬಿಡಿಯೊಳಗ ಕಾವು ಜಾಸ್ತಿ ಕೊಟ್ಟು ಒಂದ ಸಲಕ್ಕ ಒಣಗಿಸಿದ್ರ ಕಾಳು ಸೀಳಿ ನುಚ್ಚು ಹೆಚ್ಚಾಗ್ತೈತಿ. ಒಣಗಿಸಿದ್ದು ಕಮ್ಮಿ ಆದ್ರ ತೇವ ಹಂಗ ಚೀಲಕ್ಕ ಹೋಗ್ತೈತಿ. ಎರಡು ಮೂರು ಪಾಳಿ ಒಣಗಿಸಿ, ನಡುವ ಹಗೇವಿನ್ಯಾಗ ಕಾಳಿನ ಒಳಗಿನ ತೇವ ಹೊರಗ ಬರೂತನಕ ಬಿಡಬೇಕು. ತುಂಬಿ ತುಳುಕೂ ಸೀಸನ್ನಿನ್ಯಾಗ ಅಷ್ಟು ಪುರಸತ್ತು ಯಾರಿಗೈತಿ?

ಎರಡನೇದು, ದರ ತೂಕದ ಮ್ಯಾಲ ನಿಂತಾಗ ರೈತ ಬ್ಯಾಗ ಬರೂ ತಳಿ ಹಾಕ್ತಾನ. ಅದರಾಗ ಅವನ ತಪ್ಪಿಲ್ಲ. ಅಂಥಾ ಭತ್ತದ ಅಕ್ಕಿ ಬಿಳಿಹೊಟ್ಟಿ ಕಾಳು, ಮೆತ್ತಗ. ಪಾಲಿಶ್‌ನ್ಯಾಗೂ ಒಡೀತೈತಿ, ಗೋದಾಮಿನ್ಯಾಗೂ ಹುಳಕ್ಕ ಲಗೂ ಸಿಗ್ತೈತಿ.

ಮೂರನೇದು ಎಲ್ಲಾಕ್ಕಿಂತ ದೊಡ್ಡದು. ದೀರ್ಘ ಕಾಲ ಇಡೂದಿದ್ರ ಭತ್ತ ಇಡಬೇಕು, ಅಕ್ಕಿ ಅಲ್ಲ. ಹೊಟ್ಟು ಅನ್ನೂದು ಕಾಳಿನ ಅಂಗಿ. ಹುಳಕ್ಕ ಅದನ್ನ ಕೊರಿಯೂದು ಕಷ್ಟ. ಆ ಯೋಜನೆಯೊಳಗ ಮಿಲ್ಲಿನವರು ಭತ್ತ ಇಳಿಸ್ಕೊಂಡು, ಬಡದು, ಅಕ್ಕಿ ಮಾಡಿ ಸರ್ಕಾರಿ ಬಾಡಿಗಿ ಗೋದಾಮಿಗೆ ಒಪ್ಪಿಸಬೇಕಿತ್ತು. ಜಾಗ ಉಳೀತೈತಿ, ಖರೆ. ಆಯುಷ್ಯ ಕಮ್ಮಿ ಆಗ್ತೈತಿ.

ಕುಚಲಕ್ಕಿ_ಅಭಿಮಾನಿ
ಮಾರಾಯ್ರೇ, ಕುಚಲು ಮಾಡಿ ಇಟ್ಟಿದ್ದರೆ? ಅದು ಬೆಳ್ತಿಗೆಗಿಂತ ಬಾಳಿಕೆ ಬರ್ತದಲ್ಲ.

ಮಿಲ್_ಮಾಸ್ತರ
ಬರ್ತೈತ್ರಿ. ಕುದಿಸಿದಾಗ ಎಣ್ಣಿ ಅಂಶ ಒಡೆಯೂ ಕಿಣ್ವ ಸಾಯ್ತೈತಿ, ಕಾಳೂ ಗಟ್ಟಿ ಆಗ್ತೈತಿ. ಆದ್ರ ಹೋಮ್ ಮಾಲಿ ಮಾರೂದ ಪರಿಮಳದ ಮ್ಯಾಲ. ಅದನ್ನ ಕುದಿಸಿದ್ರ ಮಾರೂದೇನು?

ಪ್ರಯೋಗಾಲಯ_ಬೆಂಚು
ಪರಿಮಳದ ಮಾತು ಬಂದಿದ್ದಕ್ಕೆ: ಹೋಮ್ ಮಾಲಿಗೆ, ಬಾಸ್ಮತಿಗೆ ವಾಸನೆ ಕೊಡೋದು 2-ಅಸಿಟೈಲ್-1-ಪೈರೊಲಿನ್ ಅನ್ನೋ ಸಂಯುಕ್ತ. ಸಾಧಾರಣ ತಾಪಮಾನದಲ್ಲಿ ಇಟ್ಟ ಅಕ್ಕಿಯಲ್ಲಿ ಅದು ಕೆಲವೇ ತಿಂಗಳಲ್ಲಿ ಗಣನೀಯವಾಗಿ ಇಳಿಯುತ್ತೆ. ಅದರ ಜಾಗಕ್ಕೆ ಬರೋದು ಹೆಕ್ಸನಾಲ್, ಅಂದರೆ ಅಕ್ಕಿಯ ಮೇಲ್ಪದರದಲ್ಲಿ ಉಳಿದ ತೌಡೆಣ್ಣೆ ಗಾಳಿಗೆ ಕಮಟಿದಾಗ ಬರೋ ವಾಸನೆ. ಹತ್ತು ವರ್ಷದ ಹೋಮ್ ಮಾಲಿ ಹೆಸರಿಗೆ ಹೋಮ್ ಮಾಲಿ, ಪರಿಮಳದ ಬೆಲೆ ಅದಕ್ಕೆ ಸಲ್ಲೋದಿಲ್ಲ.

ಇನ್ನು ಮೂಲ ಪ್ರಶ್ನೆ. "ಹಳೆಯದು" ಮತ್ತು "ಕೆಟ್ಟದ್ದು" ಬೇರೆ ಬೇರೆ. ಹಳತಾಗೋದು ಅಂದರೆ ಪಿಷ್ಟದ ಸುತ್ತಲಿನ ಪ್ರೋಟೀನು ಗಟ್ಟಿಯಾಗಿ ಅನ್ನ ಉದುರುದುರಾಗಿ, ಹೆಚ್ಚು ನೀರು ಕುಡಿದು, ಹೆಚ್ಚು ಅರಳೋದು. ನಾವು ದುಡ್ಡು ಕೊಡೋದು ಇದಕ್ಕೇ. ಆರು ತಿಂಗಳಿಂದ ಎರಡು ವರ್ಷದವರೆಗೆ ಇದು ಗುಣ. ಅಲ್ಲಿಂದ ಮುಂದೆ ಬಣ್ಣ ಹಳದಿಗೆ ತಿರುಗುತ್ತೆ, ಬಿ1 ಜೀವಸತ್ವ ಕಮ್ಮಿಯಾಗುತ್ತೆ, ಕಮಟು ಏರುತ್ತೆ. ಆದರೂ ವಿಷ ಅಲ್ಲ.

ಕೆಡೋದು ಅಂದರೆ ಬೂಷ್ಟು. ಅದಕ್ಕೆ ಬೇಕಾದ್ದು ವಯಸ್ಸಲ್ಲ, ನೀರು. ಅಕ್ಕಿಯ ತೇವಾಂಶ 14 ಶೇಕಡಾ ಒಳಗಿದ್ದರೆ ಬೂಷ್ಟಿಗೆ ನೀರು ಸಾಲಲ್ಲ. 15–16 ದಾಟಿದರೆ ಮೊದಲು ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ, ಕಮ್ಮಿ ತೇವದಲ್ಲೂ ಬೆಳೆಯೋ ಜಾತಿಗಳು ಬರುತ್ತವೆ. ಅವು ಉಸಿರಾಡಿ ಬಿಟ್ಟ ತೇವ ಮತ್ತು ಶಾಖದಿಂದ ಮುಂದಿನ ಜಾತಿಗಳಿಗೆ ದಾರಿ. ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡೋ ಆಸ್ಪರ್ಜಿಲಸ್ ಫ್ಲೇವಸ್‌ಗೆ ಇನ್ನೂ ಹೆಚ್ಚು ತೇವ ಬೇಕು, ಸಿಟ್ರಿನಿನ್ ಅನ್ನೋ ಇನ್ನೊಂದು ವಿಷ ಮಾಡೋ ಪೆನಿಸಿಲಿಯಂ ಬೂಷ್ಟಿಗೂ ಅಷ್ಟೇ. ಹಾಗಾಗಿ ಸುರಿನ್‌ನ ಅಕ್ಕಿ ಹತ್ತು ವರ್ಷ ಒಣಗಿಯೇ ಇದ್ದಿದ್ದರೆ ಪರೀಕ್ಷೆಯಲ್ಲಿ ಅಫ್ಲಾಟಾಕ್ಸಿನ್ ಸಿಗದೇ ಇರೋದು ಅಚ್ಚರಿಯಲ್ಲ. ಒಂದೇ ವರ್ಷದ ಅಕ್ಕಿ, ಸೋರೋ ತಗಡಿನ ಕೆಳಗಿದ್ದದ್ದು, ಸಾವಿರ ಪಾಲು ಅಪಾಯ.

ತೊಳೆದು ತಿಂದರೆ ಆಯ್ತಲ್ಲ ಅನ್ನೋರಿಗೆ: ಅಫ್ಲಾಟಾಕ್ಸಿನ್ ಅನ್ನ ಬೇಯೋ ಬಿಸಿಗೆ ನಾಶ ಆಗಲ್ಲ. ತೊಳೆದರೆ ಸ್ವಲ್ಪ ಇಳಿಯುತ್ತೆ, ಹೋಗಲ್ಲ.

ಗೋದಾಮು_ಕೀಲಿಕೈ
ಒಣಗಿಯೇ ಇದ್ದಿದ್ದರೆ ಅನ್ನೋ ಆ "ದ್ದರೆ"ಯಲ್ಲೇ ಎಲ್ಲಾ ಇದೆ. ಗೋದಾಮಿನ ಒಳಗೆ ತೇವಾಂಶ ಎಲ್ಲಾ ಕಡೆ ಒಂದೇ ಇರಲ್ಲ.

ತಗಡಿನ ಚಾವಣಿ ಹಗಲು ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ. ನಿಟ್ಟಿನ (ಒಂದರ ಮೇಲೊಂದು ಒಟ್ಟಿದ ಚೀಲಗಳ) ಒಳಗಿನ ಬೆಚ್ಚನೆ ಗಾಳಿ ಮೇಲೇರಿ, ಮೇಲಿನ ಎರಡು ಪದರದ ಚೀಲಕ್ಕೆ ತೇವ ಬಿಡುತ್ತೆ. ಚಾವಣಿಯಿಂದ ಹನಿ ಬೀಳೋದು ಬೇರೆ. ಕೆಳಗೆ ನೆಲದಿಂದ ತೇವ ಏರುತ್ತೆ. ಮರದ ಅಡ್ಡೆಯೋ ಪಾಲಿಥೀನ್ ಹಾಳೆಯೋ ಇಲ್ಲದಿದ್ದರೆ ತಳದ ಚೀಲ ಗಟ್ಟಿಕಟ್ಟಿ ಕಲ್ಲಾಗುತ್ತೆ. ಗೋಡೆಗೆ ತಾಗಿಸಿದ ಚೀಲದ ಕಥೆಯೂ ಅದೇ. ಇನ್ನು ನಿಟ್ಟಿನ ನಡುವೆ ಹುಳ ಬಿದ್ದು ಕಾವು ಎದ್ದರೆ ಅಲ್ಲೊಂದು ಬಿಸಿ ಗುಂಡಿ. ಹೊರಗಿಂದ ಏನೂ ಕಾಣಲ್ಲ. ಉದ್ದ ಸರಳಿನ ಥರ್ಮಾಮೀಟರ್ ತೂರಿಸಿ ನೋಡಿ, ಸುತ್ತಲಿಗಿಂತ 5 ಡಿಗ್ರಿ ಹೆಚ್ಚಿದ್ದರೆ ಆ ಭಾಗ ಬಿಚ್ಚಲೇಬೇಕು.

ನಮ್ಮ ಆಹಾರ ನಿಗಮದ ಪದ್ಧತಿಯಲ್ಲಿ ನಿಟ್ಟಿನ ಅಳತೆ 30 ಅಡಿ × 20 ಅಡಿ, ಸುತ್ತ ಓಡಾಡೋ ದಾರಿ, ಗೋಡೆಯಿಂದ ಅಂತರ, ನಿಟ್ಟಿಗೊಂದು ಕಾರ್ಡು. ಅಲ್ಲೂ ಅಕ್ಕಿ ಕೆಟ್ಟಿದೆ, ಇಲ್ಲ ಅನ್ನಲ್ಲ. ಆದರೆ ಯಾವ ನಿಟ್ಟು ಮೊದಲು ಬಂತು, ಯಾವುದು ಮೊದಲು ಹೋಗಬೇಕು ಅನ್ನೋದಾದರೂ ಗೊತ್ತಿರುತ್ತೆ. ಥಾಯ್ ಗೋದಾಮುಗಳ ಚಿತ್ರ ನೋಡಿ: ನೂರು ಕಿಲೋ ಚೀಲಗಳ ಒಂದೇ ದೊಡ್ಡ ಗುಡ್ಡ, ಚಾವಣಿ ಹತ್ತಿರದವರೆಗೂ. ನಡುವೆ ಇರೋ ಚೀಲ ಮುಟ್ಟಬೇಕಂದರೆ ಅರ್ಧ ಗೋದಾಮು ಖಾಲಿ ಮಾಡಬೇಕು. "ಮೊದಲು ಬಂದದ್ದು ಮೊದಲು ಹೊರಗೆ" ಅನ್ನೋ ನಿಯಮ ಅಲ್ಲಿ ದೈಹಿಕವಾಗಿಯೇ ಸಾಧ್ಯವಿಲ್ಲ. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಬರೋವಾಗ ದಾರಿ ಬಿಡೋದು ಯಾರಿಗೂ ಲಾಭ ಅಲ್ಲ.

ತುಂಗಭದ್ರಾ_ಬಯಲು
ಹುಳಕ್ಕೆ ಮದ್ದು ಹಾಕ್ತಾ ಇದ್ದರಲ್ಲ, ತಿಂಗಳು ಎರಡು ತಿಂಗಳಿಗೊಮ್ಮೆ ಅಂತ ವರದಿಗಳಲ್ಲಿತ್ತು. ಅಷ್ಟು ಸಲ ಹಾಕಿದ್ದು ಅಕ್ಕಿಯಲ್ಲಿ ಉಳಿಯಲ್ವಾ?

ಗೋದಾಮು_ಕೀಲಿಕೈ
ಯಾವ ಮದ್ದು ಅನ್ನೋದರ ಮೇಲಿದೆ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ: 3 ಗ್ರಾಂ ಮಾತ್ರೆ ಗಾಳಿಯ ತೇವಕ್ಕೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತೆ. ನಿಟ್ಟಿನ ಮೇಲೆ ಹೊದಿಕೆ ಹಾಕಿ ಮಾಡೋದಾದರೆ ಟನ್ನಿಗೆ 3 ಮಾತ್ರೆ, ಏಳು ದಿನ ಮುಚ್ಚಿ ಇಡಬೇಕು. ಹೊದಿಕೆಯ ಅಂಚಿಗೆ ಮರಳು ತುಂಬಿದ ಉದ್ದ ಚೀಲ ಒತ್ತೊತ್ತಾಗಿ ಇಡಬೇಕು. ಕೊನೆ ದಿನವೂ ಒಳಗೆ 200 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 200 ಪಾಲು) ಹೆಚ್ಚು ಅನಿಲ ಇದ್ದರೆ ಮಾತ್ರ ಕೆಲಸ ಆಗಿದೆ ಅಂತ ಅರ್ಥ. ತೆರೆದು ಗಾಳಿಯಾಡಿಸಿದರೆ ಅನಿಲ ಹೋಗುತ್ತೆ, ಅಕ್ಕಿಯಲ್ಲಿ ಉಳಿಕೆ ತೀರಾ ಕಮ್ಮಿ. ಮಾತ್ರೆಯ ಬೂದಿ ಚೀಲದ ಮೇಲೆ ಬೀಳದ ಹಾಗೆ ತಟ್ಟೆಯಲ್ಲಿಟ್ಟು, ಕೊನೆಗೆ ಎತ್ತಿ ಹಾಕಬೇಕು. ಹಮಾಲರು ಒಳಗೆ ಹೋಗೋ ಮೊದಲು ಅನಿಲ ಮಾಪಕದಲ್ಲಿ 0.3 ಪಿಪಿಎಂ ಒಳಗಿದೆಯಾ ನೋಡಲೇಬೇಕು. ಇದು ಆಟ ಅಲ್ಲ, ಜೀವ ಹೋಗುತ್ತೆ.

ತಪ್ಪೋದು ಎಲ್ಲಿ ಅಂದರೆ, ಹೊದಿಕೆ ಹರಿದಿರುತ್ತೆ, ಅಥವಾ ಗುಡ್ಡ ಎಷ್ಟು ದೊಡ್ಡದು ಅಂದರೆ ಹೊದಿಕೆ ಸಾಲದೆ ಬಾಗಿಲು ಮುಚ್ಚಿ ಇಡೀ ಶೆಡ್ಡಿಗೆ ಮದ್ದು ಹಾಕ್ತಾರೆ. ತಗಡಿನ ಸಂದಿಯಿಂದ ಅನಿಲ ಸೋರಿ ಮೂರೇ ದಿನಕ್ಕೆ ಖಾಲಿ. ದೊಡ್ಡ ಹುಳ ಸಾಯುತ್ತೆ. ಕಾಳಿನ ಒಳಗಿನ ಮೊಟ್ಟೆ, ಕೋಶಾವಸ್ಥೆಯ ಹುಳ ಉಳಿಯುತ್ತೆ. ಅಕ್ಕಿ ಮೂತಿಹುಳ 28–30 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಒಂದು ತಲೆಮಾರು. ಅಂದರೆ ಮುಂದಿನ ತಿಂಗಳು ಮತ್ತೆ ಮದ್ದು. ತಿಂಗಳಿಗೊಮ್ಮೆ ಹಾಕ್ತಿದ್ದೀವಿ ಅನ್ನೋದನ್ನ ಜನ ಕಾಳಜಿ ಅಂತ ಓದ್ತಾರೆ, ನನಗೆ ಅದು ಪ್ರತಿ ಸಲವೂ ಅರ್ಧಂಬರ್ಧ ಆಗಿದೆ ಅಂತ ಕೇಳಿಸುತ್ತೆ. ಹೀಗೆ ಅರೆಬರೆ ಕೊಟ್ಟೇ ಹಿಟ್ಟುಹುಳ, ಕಾಳುಕೊರಕಗಳಿಗೆ ಫಾಸ್ಫೀನ್ ತಡೆಯೋ ಶಕ್ತಿ ಬಂದಿರೋದು.

ಪ್ರಯೋಗಾಲಯ_ಬೆಂಚು
ಮೀಥೈಲ್ ಬ್ರೋಮೈಡ್ ಆದರೆ ಕಥೆ ಬೇರೆ. ಅದು ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತೆ, ಆದರೆ ಪ್ರತಿ ಸಲವೂ ಕಾಳಿನಲ್ಲಿ ಬ್ರೋಮೈಡ್ ಅಯಾನು ಉಳಿಸುತ್ತೆ, ಮತ್ತೆ ಮತ್ತೆ ಹಾಕಿದರೆ ಕೂಡುತ್ತಾ ಹೋಗುತ್ತೆ. ಅಂತಾರಾಷ್ಟ್ರೀಯ ಮಿತಿ ಕಿಲೋಗೆ 50 ಮಿಲಿಗ್ರಾಂ. 2013ರಲ್ಲಿ ಥಾಯ್ ಗ್ರಾಹಕ ಸಂಘಟನೆಯೊಂದು ಅಂಗಡಿಯ 46 ಪೊಟ್ಟಣ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಉಳಿಕೆ ಇತ್ತು, ಒಂದರಲ್ಲಿ ಮಿತಿ ದಾಟಿತ್ತು. ದೊಡ್ಡ ಗದ್ದಲ ಆಯ್ತು. ತೊಳೆದರೆ ಇದು ಒಂದಷ್ಟು ಇಳಿಯುತ್ತೆ ಅನ್ನೋದು ನಿಜ.

ಇನ್ನೊಂದು ಯಾರೂ ಹೇಳಲ್ಲ. ಮದ್ದು ಹುಳ ಕೊಲ್ಲುತ್ತೆ, ತೆಗೆಯಲ್ಲ. ಸತ್ತ ಹುಳ, ಕಳಚಿದ ಪೊರೆ, ಹಿಕ್ಕೆ, ಯೂರಿಕ್ ಆಮ್ಲ ಎಲ್ಲಾ ಚೀಲದಲ್ಲೇ. ಪತಂಗ ಬಿದ್ದಿದ್ದರೆ ಬಲೆ ಕಟ್ಟಿ ಕಾಳು ಗಂಟುಗಂಟಾಗಿರುತ್ತೆ.

ಲೆಕ್ಕದ_ಪುಸ್ತಕ
2014ರ ತಪಾಸಣೆಗೆ ಬರೋಣ. ನೂರು ತಂಡ, ಸುಮಾರು 1,800 ಗೋದಾಮು. ಅದರಲ್ಲಿ ಕೆಲವು ಕಡೆ ಸಿಕ್ಕಿದ್ದು ಟೊಳ್ಳು ನಿಟ್ಟು: ಹೊರಗೆ ನಾಲ್ಕೂ ಬದಿ ಚೀಲ, ಒಳಗೆ ಕಬ್ಬಿಣದ ಸಾರುವೆ. ಉದ್ದ, ಅಗಲ, ಎತ್ತರ ಗುಣಿಸಿ ಲೆಕ್ಕ ಹಾಕೋರಿಗೆ ಅದು ತುಂಬಿದ ನಿಟ್ಟೇ. ಇದಕ್ಕೆ ಕಾಗದ ಪರಿಹಾರ ಅಲ್ಲ. ಮೇಲೆ ಹತ್ತಿ, ನಡುಮಧ್ಯೆ ಚೀಲ ಎತ್ತಿಸಿ ಬಾವಿ ತೋಡಿದ ಹಾಗೆ ಕೆಳಗಿಳಿಯಬೇಕು.

ಪ್ರಯೋಗಾಲಯ_ಬೆಂಚು
ಮಾದರಿ ತೆಗೆಯೋದರ ತೊಂದರೆಯೂ ಅದೇ. ಲಕ್ಷ ಚೀಲ ಇದ್ದರೆ ಒಟ್ಟು ಚೀಲಗಳ ವರ್ಗಮೂಲದಷ್ಟು ಅನ್ನೋ ನಿಯಮದಲ್ಲಿ ಸುಮಾರು 316 ಚೀಲ ಚುಚ್ಚಬೇಕು. ಅವು ಎಲ್ಲಾ ಪದರದಿಂದ, ನಡುವಿಂದಲೂ ಬರಬೇಕು. ಕೈಗೆ ಸಿಗೋದು ಹೊರಗಿನ ಮುಖ ಮಾತ್ರ. ಹೊರಗಿನ ಚೀಲ ಗಾಳಿಗೆ ಒಣಗಿದ್ದು, ಹುಳ ಜಾಸ್ತಿ ಇರೋದು. ಒಳಗಿನದು ಕಾವು ಹಿಡಿದು ಹಳದಿಯಾಗಿದ್ದು. ಸಚಿವರ ತಟ್ಟೆಯ ಅನ್ನ ಆ ಚೀಲದ್ದು, ಗೋದಾಮಿನದ್ದಲ್ಲ. ಸಚಿವರು ಸುಳ್ಳು ಹೇಳಿದರು ಅಂತ ನಾನು ಹೇಳ್ತಿಲ್ಲ. ಬೂಷ್ಟಿನ ವಿಷ ಅಲ್ಲಲ್ಲಿ ಗೂಡು ಕಟ್ಟೋ ಸ್ವಭಾವದ್ದು, ಒಂದು ಹಿಡಿ ಕಾಳಲ್ಲಿ ಇಲ್ಲ ಅಂದರೆ ಪಕ್ಕದ ಚೀಲದಲ್ಲೂ ಇಲ್ಲ ಅಂತಲ್ಲ.

ಕುಚಲಕ್ಕಿ_ಅಭಿಮಾನಿ
ಹಾಗಾದರೆ ಉಲ್ಟಾ ತಪ್ಪೂ ಆಗಿರಬಹುದಲ್ಲ? ಒಳ್ಳೆಯದನ್ನೂ ಕೆಟ್ಟದು ಅಂತ ಮಾರಿದ್ದು?

ಲೆಕ್ಕದ_ಪುಸ್ತಕ
ಆ ಆಕ್ಷೇಪ ಎದ್ದಿತ್ತು. ಸೇನಾ ಸರ್ಕಾರ ಉಳಿದ ದಾಸ್ತಾನನ್ನು ಮೂರು ಗುಂಪು ಮಾಡ್ತು: ಜನ ತಿನ್ನೋದು, ಜನರಿಗೆ ಬಾರದೆ ಕೈಗಾರಿಕೆಗೆ ಹೋಗೋದು, ಜನಕ್ಕೂ ದನಕ್ಕೂ ಬಾರದೆ ಇಂಧನ, ಗೊಬ್ಬರಕ್ಕೆ ಹೋಗೋದು. ಮಾರಿದ್ದು ಇದ್ದದ್ದು ಇದ್ದ ಹಾಗೆ, ಇಡೀ ಗೋದಾಮಿನ ಲೆಕ್ಕದಲ್ಲಿ. ಆರಿಸಿ ಬೇರ್ಪಡಿಸೋ ಖರ್ಚು ಯಾರೂ ಹೊತ್ತುಕೊಳ್ಳಲಿಲ್ಲ. ಒಳ್ಳೆ ಚೀಲ ಕೆಟ್ಟ ದರಕ್ಕೆ ಹೋಯ್ತು ಅಂತ ಗೋದಾಮಿನವರ ವಾದ, ಕೆಟ್ಟ ಚೀಲ ಒಳ್ಳೆ ಗುಂಪಿಗೆ ಸೇರಿತು ಅಂತ ರಫ್ತುದಾರರ ಭಯ. ನನಗನ್ನಿಸೋದು, ಎರಡೂ ಆಗಿರುತ್ತೆ.

ನ್ಯಾಯಾಲಯದ ಕಡೆ ಒಂದೇ ಮಾತು, ಜನ ಗೊಂದಲ ಮಾಡಿಕೊಳ್ತಾರೆ. 2017ರಲ್ಲಿ ಯಿಂಗ್ಲಕ್‌ಗೆ ಐದು ವರ್ಷ ಶಿಕ್ಷೆ ಆಗಿದ್ದು ಕರ್ತವ್ಯಲೋಪಕ್ಕೆ. ಆಗಿನ ವಾಣಿಜ್ಯ ಸಚಿವ ಬೂನ್ಸೊಂಗ್‌ಗೆ 42 ವರ್ಷ ಆಗಿದ್ದು ಸರ್ಕಾರದಿಂದ ಸರ್ಕಾರಕ್ಕೆ ಮಾರಾಟ ಅನ್ನೋ ಹೆಸರಿನ ನಕಲಿ ವ್ಯವಹಾರಕ್ಕೆ. 2025ರ ಮೇನಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ಯಿಂಗ್ಲಕ್ ಸುಮಾರು 1,000 ಕೋಟಿ ಬಾತ್ ಕಟ್ಟಬೇಕು ಅಂದಿದ್ದೂ ಆ ವ್ಯವಹಾರದ ನಷ್ಟಕ್ಕೆ, ಬೂಷ್ಟು ಹಿಡಿದ ಅಕ್ಕಿಗಲ್ಲ.

ತುಂಗಭದ್ರಾ_ಬಯಲು
ಅರ್ಥ ಆಯ್ತು. ಕೊನೆಯದು: ಸುರಿನ್ ಅಕ್ಕಿಗೆ 2024ರ ಹರಾಜಿನಲ್ಲಿ ಕಿಲೋಗೆ 18–19 ಬಾತ್ ಕೂಗಿದರು. ಹತ್ತು ವರ್ಷದ ಅಕ್ಕಿಗೆ ಅಷ್ಟು ಕೊಟ್ಟು ಏನು ಮಾಡ್ತಾರೆ?

ಮಿಲ್_ಮಾಸ್ತರ
ಅತಿ ಹೆಚ್ಚು ಕೂಗಿದವರು ಆಮ್ಯಾಲ ಕರಾರು ಮಾಡ್ಕೊಳ್ಳಲಿಲ್ಲ, ಅದನ್ನೂ ನೆನಪಿಡ್ರಿ. ಆದ್ರೂ ಲೆಕ್ಕ ಇಲ್ಲದ ಕೂಗಂಗಿಲ್ಲ.

ಇಂಥಾ ಅಕ್ಕಿ ಮತ್ತ ಮಿಲ್ಲಿಗೆ ಹಾಕ್ತಾರ. ಮೊದಲ ಜರಡಿ ಮತ್ತ ಗಾಳಿ: ಹುಡಿ, ಸತ್ತ ಹುಳ, ಬಲೆಗಂಟು ಹೋಗ್ತೈತಿ. ಆಮ್ಯಾಲ ಹಗೂರ ಪಾಲಿಶ್: ಮ್ಯಾಲಿನ ಕಮಟು ಪದರ, ಹಳದಿ ಸ್ವಲ್ಪ ಹೋಗ್ತೈತಿ. ಹುಳ ಕೊರದ ಕಾಳು ಇಲ್ಲೇ ಒಡದು ನುಚ್ಚಾಗ್ತೈತಿ. ಆಮ್ಯಾಲ ಕಲರ್ ಸಾರ್ಟರ್, ಉಳದ ಹಳದಿ, ಕರಿ ಕಾಳು ಹಾರಿಸೂಕ. ಕಡೀಕ ನೀರಿನ ಪಾಲಿಶ್ ಕೊಟ್ರ ನೋಡೂಕ ಹೊಸಾದರಂಗ ಕಾಣ್ತೈತಿ. ಮೂಸಿ ನೋಡಿದ್ರ ಗೊತ್ತಾಗ್ತೈತಿ, ಬೇಯಿಸಿದ್ರ ಇನ್ನೂ ಚಂದ ಗೊತ್ತಾಗ್ತೈತಿ.

ಖರೀದಿ ಮಾಡಾವ ಕೂಗೂಕಿಂತ ಮೊದಲ ಐದು ಕಿಲೋ ಮಾದರಿ ತಂದು ಇಷ್ಟೂ ಹಂತ ಸಣ್ಣ ಮಷೀನ್‌ನ್ಯಾಗ ಓಡಿಸಿ, ಕಡೀಕ ಎಷ್ಟು ಇಡೀ ಕಾಳು ಉಳೀತು ತೂಗಿ ನೋಡ್ತಾನ. ಆ ಅಂಕಿ ಮ್ಯಾಲ ಬೆಲಿ ಕಟ್ತಾನ. ಮಾದರಿ ಹೊರಗಿನ ಚೀಲದ್ದ ಇದ್ರ ಅಂವನೂ ಮೋಸ ಹೋಗ್ತಾನ. ಅದಕ್ಕ ಶಾಣ್ಯಾ ಆದಾವ ಎತ್ತುವಳಿ ವ್ಯಾಳ್ಯಾದಾಗ ಲಾರಿ ಲಾರಿಗೂ ಮಾದರಿ ನೋಡೂ ಷರತ್ತು ಕೇಳ್ತಾನ. ಇದ್ದದ್ದು ಇದ್ದ ಹಾಗೆ ಮಾರೂ ಹರಾಜಿನ್ಯಾಗ ಆ ಷರತ್ತು ಸಿಗಂಗಿಲ್ಲ, ಅದಕ್ಕ ಬೆಲಿ ಇಳಿಸಿ ಕೂಗ್ತಾನ.